ಹೆಚ್ಚೂ ಆಗದೆ, ಕಡಿಮೆಯೂ ಆಗದೆ: ವಿಕಿರಣ ಚಿಕಿತ್ಸೆಯಲ್ಲಿ ಅಳತೆಯ ಇತಿಹಾಸ

ನಮ್ಮ ಭೌತಶಾಸ್ತ್ರ ವಿಭಾಗದಲ್ಲಿ ಬಹಳ ವರ್ಷ ಅಟೆಂಡರ್ ಆಗಿದ್ದವರೊಬ್ಬರು ಒಂದು ಮಧ್ಯಾಹ್ನ ನನ್ನ ಕೊಠಡಿಯ ಬಾಗಿಲಲ್ಲಿ ಬಂದು ನಿಂತರು. ಅವರ ಹೆಂಡತಿಗೆ ಗರ್ಭಕೊರಳಿನ ಕ್ಯಾನ್ಸರ್ ಎಂದು ಗೊತ್ತಾಗಿ, ಚಿಕಿತ್ಸೆಯ ದಿನ ನಿಗದಿಯಾಗಿತ್ತು. "ಸಾರ್, ಐದು ವಾರ ಕರೆಂಟ್ ಕೊಡ್ತಾರಂತೆ. ನೀವು ಇದನ್ನೆಲ್ಲ ಪಾಠ ಮಾಡೋರಲ್ವಾ? ಕರೆಂಟು ಹೆಚ್ಚುಕಮ್ಮಿ ಆದ್ರೆ ಏನ್ ಗತಿ ಸಾರ್?" ಎಂದು ಕೇಳಿದರು.

ಅದು ಕರೆಂಟ್ ಅಲ್ಲ, ಎಕ್ಸ್-ಕಿರಣದಂಥ ವಿಕಿರಣ, ಶಾಕ್ ಹೊಡೆಯುವುದಿಲ್ಲ ಎಂದು ಸಮಾಧಾನ ಹೇಳುವುದು ಸುಲಭವಾಗಿತ್ತು. ಅವರ ಎರಡನೆಯ ಪ್ರಶ್ನೆ ಸುಲಭದ್ದಲ್ಲ. ನಮ್ಮ ಆಡುಮಾತಿನಲ್ಲಿ 'ಹೆಚ್ಚುಕಡಿಮೆಯಾಯಿತು' ಎಂದರೆ ಅನಾಹುತವಾಯಿತು ಎಂದೇ ಅರ್ಥ. ವಿಕಿರಣ ಚಿಕಿತ್ಸೆಯ ಮಟ್ಟಿಗೆ ಈ ಮಾತು ಅಕ್ಷರಶಃ ನಿಜ. ವಿಕಿರಣ ಹೆಚ್ಚಾದರೆ ಗಂತಿಯ ಸುತ್ತಲಿನ ಆರೋಗ್ಯವಂತ ಅಂಗಾಂಶ ಸುಟ್ಟು ಹಾಳಾಗುತ್ತದೆ. ಕಡಿಮೆಯಾದರೆ ರೋಗಿಗೆ ಆಗ ಏನೂ ತೊಂದರೆ ಕಾಣುವುದಿಲ್ಲ. ಆದರೆ ಉಳಿದುಕೊಂಡ ಕ್ಯಾನ್ಸರ್ ಕೋಶಗಳು ಮತ್ತೆ ಬೆಳೆಯುತ್ತವೆ. ಈ ಎರಡರ ನಡುವಿನ ದಾರಿ ಬಹಳ ಇಕ್ಕಟ್ಟಾದದ್ದು. ಡೋಸ್ ಶೇಕಡಾ 5ರಷ್ಟು ವ್ಯತ್ಯಾಸವಾದರೂ ಗಂತಿ ಗುಣವಾಗುವ ಸಾಧ್ಯತೆ ಶೇಕಡಾ 10ರಿಂದ 20ರಷ್ಟು ಬದಲಾಗಬಹುದು. ಆದ್ದರಿಂದಲೇ ರೋಗಿಗೆ ತಲಪುವ ಡೋಸ್ ಉದ್ದೇಶಿತ ಡೋಸಿನ ಶೇಕಡಾ 5ರೊಳಗೆ ಇರಬೇಕೆಂದು ವಿಕಿರಣ ಮಾನಗಳ ಅಂತಾರಾಷ್ಟ್ರೀಯ ಆಯೋಗ 1976ರಲ್ಲಿ ಶಿಫಾರಸು ಮಾಡಿತು. ಅಲ್ಲಿಗೆ ತಲಪಲು ವಿಜ್ಞಾನಕ್ಕೆ 80 ವರ್ಷ ಬೇಕಾಯಿತು. ಆ ದಾರಿಯಲ್ಲಿ ಹಲವರು ಬೆರಳು, ತೋಳು, ಪ್ರಾಣಗಳನ್ನೇ ಕಳೆದುಕೊಂಡರು.

ಚರ್ಮವೇ ಮಾಪಕವಾಗಿದ್ದ ಕಾಲ

ಜರ್ಮನಿಯ ವೂರ್ಟ್ಸ್‌ಬರ್ಗ್‌ನಲ್ಲಿ ವಿಲ್‌ಹೆಲ್ಮ್ ರಾಂಟ್‌ಜನ್ ಎಕ್ಸ್-ಕಿರಣಗಳನ್ನು ಕಂಡದ್ದು 1895ರ ನವೆಂಬರ್ 8ರಂದು. ಮರುವರ್ಷವೇ ವಿಯೆನ್ನಾದ ವೈದ್ಯ ಲಿಯೋಪೋಲ್ಡ್ ಫ್ರಾಯಿಂಡ್, ಬೆನ್ನ ಮೇಲೆ ಕೂದಲು ತುಂಬಿದ ದೊಡ್ಡ ಮಚ್ಚೆಯಿದ್ದ ಬಾಲಕಿಯೊಬ್ಬಳಿಗೆ ಈ ಕಿರಣಗಳನ್ನು ಹಾಯಿಸಿದ. ಕೂದಲು ಉದುರಿತು. ಅದರ ಹಿಂದೆಯೇ ಆಳವಾದ ಹುಣ್ಣೂ ಆಯಿತು. ವಿಕಿರಣ ಚಿಕಿತ್ಸೆಯ ಗುಣ ಮತ್ತು ದೋಷ ಎರಡೂ ಹೀಗೆ ಒಂದೇ ದೇಹದ ಮೇಲೆ ಪ್ರಕಟವಾದವು.

ರೇಡಿಯಮ್‌ನ ಕತೆಯೂ ಇಂಥದೇ. 1901ರಲ್ಲಿ ಹೆನ್ರಿ ಬೆಕೆರೆಲ್ ರೇಡಿಯಮ್ ಇದ್ದ ಕೊಳವೆಯೊಂದನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡಿದ್ದ. ಕೆಲವು ದಿನಗಳ ಅನಂತರ ಜೇಬಿನ ಕೆಳಗಿನ ಚರ್ಮ ಕೆಂಪಾಗಿ ಹುಣ್ಣಾಯಿತು. ಪಿಯರ್ ಕ್ಯೂರಿ ಬೇಕೆಂದೇ ತನ್ನ ತೋಳಿಗೆ ರೇಡಿಯಮ್ ಕಟ್ಟಿಕೊಂಡು, ಆದ ಗಾಯವನ್ನು ದಿನದಿನವೂ ಗಮನಿಸಿ ಬರೆದಿಟ್ಟ. ಇದು ಕೋಶಗಳನ್ನು ಕೊಲ್ಲಬಲ್ಲದಾದರೆ ಕ್ಯಾನ್ಸರ್ ಕೋಶಗಳನ್ನೂ ಕೊಲ್ಲಬಹುದಲ್ಲ ಎಂಬ ಆಸೆ ಹುಟ್ಟಿದ್ದು ಇಂಥ ಗಾಯಗಳಿಂದಲೇ.

ಆದರೆ ಎಷ್ಟು ಕೊಡಬೇಕು? ಅಳೆಯುವ ಉಪಕರಣವೂ ಇರಲಿಲ್ಲ, ಮಾನವೂ ಇರಲಿಲ್ಲ. ಎಕ್ಸ್-ಕಿರಣ ಕೊಳವೆ ಸರಿಯಾಗಿ ಕೆಲಸ ಮಾಡುತ್ತಿದೆಯೇ ಎಂದು ನೋಡಲು ತಂತ್ರಜ್ಞರು ತಮ್ಮ ಕೈಯನ್ನೇ ಕಿರಣಕ್ಕೆ ಒಡ್ಡುತ್ತಿದ್ದರು. ರೋಗಿಯ ಚರ್ಮ ಬಿಸಿಲಿಗೆ ಸುಟ್ಟಂತೆ ಕೆಂಪೇರುವಷ್ಟು ವಿಕಿರಣವೇ ಒಂದು 'ಡೋಸ್'. ಕೆಂಪೇರುವುದು ತಿಳಿಯಲು ಒಂದೆರಡು ವಾರ ಕಾಯಬೇಕು. ಅಷ್ಟರಲ್ಲಿ ತಪ್ಪನ್ನು ತಿದ್ದುವ ಕಾಲ ಮೀರಿರುತ್ತಿತ್ತು. ಎಡಿಸನ್‌ನ ಸಹಾಯಕ ಕ್ಲಾರೆನ್ಸ್ ಡ್ಯಾಲಿ ಕೈಗಳನ್ನು ಕಳೆದುಕೊಂಡು 1904ರಲ್ಲಿ ತೀರಿಕೊಂಡ. ಎಡಿಸನ್ ಆ ಸಂಶೋಧನೆಯನ್ನೇ ಕೈಬಿಟ್ಟ. ವಿಕಿರಣಕ್ಕೆ ಬಲಿಯಾದ ವೈದ್ಯರು, ವಿಜ್ಞಾನಿಗಳು, ದಾದಿಯರ ನೆನಪಿಗಾಗಿ 1936ರಲ್ಲಿ ಹ್ಯಾಂಬರ್ಗ್‌ನ ಆಸ್ಪತ್ರೆಯೊಂದರ ಆವರಣದಲ್ಲಿ ಕಲ್ಲು ನಿಲ್ಲಿಸಿದಾಗ ಅದರ ಮೇಲೆ 169 ಹೆಸರುಗಳಿದ್ದವು.

ಮೊದಲ ಮಾಪಕಗಳು ರಾಸಾಯನಿಕಗಳ ಬಣ್ಣವನ್ನು ಅವಲಂಬಿಸಿದ್ದವು. 1902ರಲ್ಲಿ ವಿಯೆನ್ನಾದ ಗೀಡೋ ಹೋಲ್ಟ್ಸ್‌ಕ್ನೆಕ್ಟ್ ಇಂಥದೊಂದನ್ನು ತಯಾರಿಸಿದ. ವಿಕಿರಣ ಬಿದ್ದಂತೆ ಬಣ್ಣ ಬದಲಿಸುವ ಬಿಲ್ಲೆಗಳು ಅನಂತರ ಬಳಕೆಗೆ ಬಂದವು. ಬಣ್ಣ ನೋಡಿ ಡೋಸ್ ಹೇಳುವುದು, ಎಸರಿನ ಬಣ್ಣ ನೋಡಿ ಉಪ್ಪು ಎಷ್ಟಿದೆ ಎಂದು ಹೇಳಿದ ಹಾಗೆ! ಹೋಲ್ಟ್ಸ್‌ಕ್ನೆಕ್ಟ್ ಕೂಡ ಕೊನೆಗೆ ವಿಕಿರಣಕ್ಕೇ ಬಲಿಯಾದ.

ರಾಂಟ್‌ಜನ್‌ನಿಂದ ಗ್ರೇವರೆಗೆ

ಭೌತವಿಜ್ಞಾನ ಆಸ್ಪತ್ರೆಯೊಳಗೆ ಕಾಲಿಟ್ಟದ್ದು ಇಲ್ಲಿಂದ. ಎಕ್ಸ್-ಕಿರಣ ಗಾಳಿಯ ಮೂಲಕ ಹಾಯುವಾಗ ಅಣುಗಳಿಂದ ಎಲೆಕ್ಟ್ರಾನ್‌ಗಳನ್ನು ಕಿತ್ತು ಅಯಾನುಗಳನ್ನು ಉಂಟುಮಾಡುತ್ತದೆ. ಆ ವಿದ್ಯುದಂಶವನ್ನು ನಿಖರವಾಗಿ ಅಳೆಯಬಹುದು. 1925ರಲ್ಲಿ ಲಂಡನ್ನಿನಲ್ಲಿ ನಡೆದ ವಿಕಿರಣ ವೈದ್ಯರ ಮೊದಲ ಅಂತಾರಾಷ್ಟ್ರೀಯ ಸಮ್ಮೇಳನ ಮಾನಗಳಿಗಾಗಿ ಒಂದು ಸಮಿತಿ ರಚಿಸಿತು. 1928ರಲ್ಲಿ ಸ್ಟಾಕ್‌ಹೋಮ್‌ನ ಎರಡನೆಯ ಸಮ್ಮೇಳನದಲ್ಲಿ 'ರಾಂಟ್‌ಜನ್' ಎಂಬ ಮಾನ ಅಂಗೀಕಾರವಾಯಿತು. ವಿಕಿರಣ ರಕ್ಷಣೆಗಾಗಿ ಇನ್ನೊಂದು ಸಮಿತಿ ಹುಟ್ಟಿದ್ದೂ ಅಲ್ಲಿಯೇ. ನಿಖರತೆ ಮತ್ತು ಸುರಕ್ಷತೆಗಳೆರಡೂ ಅವಳಿಗಳಾಗಿ ಬೆಳೆದವು ಎನ್ನಬಹುದು.

ಆದರೂ ಒಂದು ಕೊರತೆ ಉಳಿದಿತ್ತು. ರಾಂಟ್‌ಜನ್ ಅಳೆಯುವುದು ಗಾಳಿಯಲ್ಲಿ ಆಗುವ ಅಯಾನೀಕರಣವನ್ನು. ರೋಗಿಗೆ ಮುಖ್ಯವಾದದ್ದು ದೇಹ ಹೀರಿಕೊಳ್ಳುವ ಶಕ್ತಿ. ಅದನ್ನು ನೇರವಾಗಿ ಉಷ್ಣಮಾಪಕದಿಂದ ಅಳೆಯಬಾರದೇಕೆ? ಒಂದು ಲೆಕ್ಕ ನೋಡಿ. ಇಡೀ ದೇಹದ ಮೇಲೆ ಒಮ್ಮೆಲೇ ಕಿಲೋಗ್ರಾಮಿಗೆ 4 ಜೂಲ್‌ನಷ್ಟು ವಿಕಿರಣ ಬಿದ್ದರೆ, ವೈದ್ಯಕೀಯ ನೆರವಿಲ್ಲದಿದ್ದಲ್ಲಿ ಬದುಕುವ ಸಾಧ್ಯತೆ ಸುಮಾರು ಅರ್ಧಕ್ಕರ್ಧ. ಆದರೆ ಅದರಿಂದ ದೇಹದ ಉಷ್ಣತೆ ಏರುವುದು ಒಂದು ಡಿಗ್ರಿಯ ಸಾವಿರದಲ್ಲಿ ಒಂದು ಭಾಗ ಮಾತ್ರ! 70 ಕಿಲೋಗ್ರಾಮ್ ತೂಕದ ವ್ಯಕ್ತಿಗೆ ಒಟ್ಟು 280 ಜೂಲ್. ಒಂದು ಚಿಕ್ಕ ಚಮಚ ಬಿಸಿ ಕಾಫಿ ಕುಡಿದರೂ ಇದಕ್ಕಿಂತ ಹೆಚ್ಚು ಶಾಖ ದೇಹಕ್ಕೆ ಸೇರುತ್ತದೆ. ವಿಕಿರಣದ ಅಪಾಯವಿರುವುದು ಅದರ ಶಾಖದಲ್ಲಲ್ಲ. ಕೋಶದ ಡಿಎನ್ಎ ಎಳೆಗಳನ್ನು ಕತ್ತರಿಸುವ ಅದರ ಗುಣದಲ್ಲಿ. ಆದ್ದರಿಂದ ಕಣ್ಣಿಗೆ ಕಾಣದ, ಮೈಗೆ ಬಿಸಿ ತಟ್ಟದ ಇದನ್ನು ಸಾಮಾನ್ಯವಾಗಿ ಪರೋಕ್ಷ ವಿಧಾನದಿಂದ ಅಳೆಯಬೇಕಾಗುತ್ತದೆ.

ಈ ತೊಡಕನ್ನು ಬಿಡಿಸಿದವನು ಲೂಯಿ ಹೆರಾಲ್ಡ್ ಗ್ರೇ. ರುದರ್‌ಫರ್ಡ್‌ನ ಕ್ಯಾವೆಂಡಿಷ್ ಪ್ರಯೋಗಾಲಯದಲ್ಲಿ ಪಳಗಿದ ಈತ 1930ರ ದಶಕದಲ್ಲಿ ಲಂಡನ್ ಬಳಿಯ ಮೌಂಟ್ ವರ್ನನ್ ಆಸ್ಪತ್ರೆಗೆ ಸೇರಿದ. ವಸ್ತುವೊಂದರೊಳಗೆ ತೀರಾ ಚಿಕ್ಕದೊಂದು ಗಾಳಿಯ ಪೊಟರೆ ಇದ್ದರೆ, ಆ ಗಾಳಿಯಲ್ಲಾಗುವ ಅಯಾನೀಕರಣದಿಂದ ಸುತ್ತಲಿನ ವಸ್ತು ಹೀರಿಕೊಂಡ ಶಕ್ತಿಯನ್ನು ಲೆಕ್ಕಹಾಕಬಹುದು ಎಂದು ಅವನು ತೋರಿಸಿದ. ಇದೇ ಬ್ರ್ಯಾಗ್-ಗ್ರೇ ಸಿದ್ಧಾಂತ. ಇಂದಿಗೂ ಆಸ್ಪತ್ರೆಗಳಲ್ಲಿ ನೀರಿನ ತೊಟ್ಟಿಯೊಳಗೆ ಪುಟ್ಟ ಅಯಾನೀಕರಣ ಕೋಶವನ್ನಿಟ್ಟು ಡೋಸ್ ಅಳೆಯುವುದರ ಹಿಂದೆ ಈ ತತ್ತ್ವವೇ ಇದೆ. ನಮ್ಮ ದೇಹದ ಬಹುಭಾಗ ನೀರೇ ಆಗಿರುವುದರಿಂದ ನೀರಿನ ತೊಟ್ಟಿ ರೋಗಿಯ ಪ್ರತಿನಿಧಿ. ಕಿಲೋಗ್ರಾಮಿಗೆ ಒಂದು ಜೂಲ್ ಎಂಬ ಮಾನಕ್ಕೆ 1975ರಲ್ಲಿ 'ಗ್ರೇ' ಎಂದೇ ಹೆಸರಿಡಲಾಯಿತು.

ಕಂತುಕಂತಾಗಿ

ಎಷ್ಟು ಎಂಬುದರ ಜೊತೆಗೆ ಹೇಗೆ ಹಂಚಬೇಕು ಎಂಬ ಪ್ರಶ್ನೆಯೂ ಇತ್ತು. ಪ್ಯಾರಿಸ್‌ನ ರೇಡಿಯಮ್ ಸಂಸ್ಥೆಯಲ್ಲಿ ಕ್ಲಾಡಿಯಸ್ ರಗೋ ಟಗರುಗಳ ಮೇಲೆ ಪ್ರಯೋಗ ನಡೆಸಿದ. ಅವುಗಳ ವೃಷಣಗಳಿಗೆ ಒಂದೇ ಬಾರಿ ಹೆಚ್ಚು ವಿಕಿರಣ ಕೊಟ್ಟರೆ ಮೇಲಿನ ಚರ್ಮ ತೀವ್ರವಾಗಿ ಹಾಳಾಗುತ್ತಿತ್ತು. ಅದನ್ನೇ ಹಲವು ದಿನಗಳಿಗೆ ಹಂಚಿದರೆ ಚರ್ಮಕ್ಕೆ ಹೆಚ್ಚು ಹಾನಿಯಿಲ್ಲದೆ ವೀರ್ಯಾಣು ಉತ್ಪತ್ತಿ ನಿಲ್ಲುತ್ತಿತ್ತು. ವೇಗವಾಗಿ ವಿಭಜಿಸುವ ಕ್ಯಾನ್ಸರ್ ಕೋಶಗಳೂ ಹೀಗೆಯೇ ವರ್ತಿಸಬಹುದೆಂದು ಅವನು ಊಹಿಸಿದ. ಸಹೋದ್ಯೋಗಿ ಹೆನ್ರಿ ಕೂಟಾರ್ 1920ರ ದಶಕದಲ್ಲಿ ಗಂಟಲ ಕ್ಯಾನ್ಸರಿಗೆ ವಾರಗಟ್ಟಲೆ ಕಂತುಕಂತಾಗಿ ಚಿಕಿತ್ಸೆ ಕೊಟ್ಟು ಇದನ್ನು ನಿಜವೆಂದು ತೋರಿಸಿದ. ಎರಡು ಕಂತುಗಳ ನಡುವಿನ ಬಿಡುವಿನಲ್ಲಿ ಆರೋಗ್ಯವಂತ ಕೋಶಗಳು ತಮ್ಮ ಗಾಯವನ್ನು ರಿಪೇರಿ ಮಾಡಿಕೊಳ್ಳುತ್ತವೆ. ಕ್ಯಾನ್ಸರ್ ಕೋಶಗಳಿಗೆ ಆ ಸಾಮರ್ಥ್ಯ ಕಡಿಮೆ. ದಿನಕ್ಕೆ ಸುಮಾರು 2 ಗ್ರೇಯಂತೆ, ವಾರಕ್ಕೆ ಐದು ದಿನ, ಐದಾರು ವಾರ ಎಂಬ ಪದ್ಧತಿ ಬೆಳೆದದ್ದು ಹೀಗೆ. ನಮ್ಮ ಅಟೆಂಡರ್ ಹೇಳಿದ 'ಐದು ವಾರ'ದ ಮೂಲ ಪ್ಯಾರಿಸ್‌ನ ಆ ಟಗರುಗಳಲ್ಲಿದೆ.

ಕೋಬಾಲ್ಟ್ ಯುಗ

ಹಳೆಯ ಎಕ್ಸ್-ಕಿರಣ ಯಂತ್ರಗಳ ಶಕ್ತಿ ಕಡಿಮೆ. ಅವುಗಳ ಡೋಸ್ ಚರ್ಮದ ಮೇಲೆಯೇ ಗರಿಷ್ಠವಾಗಿದ್ದು ಒಳಕ್ಕೆ ಹೋದಂತೆ ಕುಗ್ಗುತ್ತಿತ್ತು. ಆಳದಲ್ಲಿರುವ ಗಂತಿಗೆ ಸಾಕಷ್ಟು ವಿಕಿರಣ ತಲಪಿಸುವುದರೊಳಗೆ ಚರ್ಮ ಸುಟ್ಟುಹೋಗುತ್ತಿತ್ತು. ಇದಕ್ಕೆ ಪರಿಹಾರ ಬಂದದ್ದು ಪರಮಾಣು ರಿಯಾಕ್ಟರಿನಿಂದ. ಅದರಲ್ಲಿ ತಯಾರಾಗುವ ಕೋಬಾಲ್ಟ್-60, 1.17 ಮತ್ತು 1.33 ಮಿಲಿಯನ್ ಎಲೆಕ್ಟ್ರಾನ್‌ವೋಲ್ಟ್ ಶಕ್ತಿಯ ಗ್ಯಾಮಾ ಕಿರಣಗಳನ್ನು ಸೂಸುತ್ತದೆ. ಅವುಗಳ ಡೋಸ್ ಗರಿಷ್ಠವಾಗುವುದು ಚರ್ಮದಿಂದ ಅರ್ಧ ಸೆಂಟಿಮೀಟರ್ ಒಳಗೆ. ಚರ್ಮ ಉಳಿಯುತ್ತದೆ, ಗಂತಿಗೆ ಪೆಟ್ಟು ಬೀಳುತ್ತದೆ.

1951ರಲ್ಲಿ ಕೆನಡಾದ ಎರಡು ಊರುಗಳಲ್ಲಿ ಕೋಬಾಲ್ಟ್ ಯಂತ್ರಗಳು ಸಿದ್ಧವಾದವು. ಆಂಟೇರಿಯೋದ ಲಂಡನ್ ಪಟ್ಟಣದಲ್ಲಿ ಅಕ್ಟೋಬರ್ 27ರಂದೇ ಮೊದಲ ರೋಗಿಗೆ ಚಿಕಿತ್ಸೆ ನಡೆಯಿತು. ಸಸ್ಕಟೂನ್‌ನಲ್ಲಿ ಭೌತವಿಜ್ಞಾನಿ ಹೆರಾಲ್ಡ್ ಜಾನ್ಸ್ ಅವಸರಪಡಲಿಲ್ಲ. ಯಂತ್ರ ಬಂದ ಮೇಲೆ ಎರಡು ತಿಂಗಳಿಗೂ ಹೆಚ್ಚು ಕಾಲ ಅವನೂ ಅವನ ವಿದ್ಯಾರ್ಥಿನಿ ಸಿಲ್ವಿಯಾ ಫೆಡೊರುಕ್ ಮೊದಲಾದವರೂ ಯಾವ ಆಳದಲ್ಲಿ ಎಷ್ಟು ಡೋಸ್ ಎಂಬುದನ್ನು ಅಳೆದು ಕೋಷ್ಟಕ ತಯಾರಿಸಿದರು. ಆ ಬಳಿಕವೇ, ನವೆಂಬರ್ 8ರಂದು ಮೊದಲ ರೋಗಿಯನ್ನು ಯಂತ್ರದ ಕೆಳಗೆ ಮಲಗಿಸಲಾಯಿತು. ಗರ್ಭಕೊರಳಿನ ಕ್ಯಾನ್ಸರ್ ಉಲ್ಬಣಿಸಿದ್ದ ಆಕೆ ಅನಂತರ ನಾಲ್ಕು ದಶಕಗಳಿಗೂ ಹೆಚ್ಚು ಕಾಲ ಬದುಕಿದರು. ಇದನ್ನು ನಾನು ನಮ್ಮ ಅಟೆಂಡರ್‌ಗೆ ಹೇಳಿದಾಗ ಅವರು ಎರಡು ಸಲ ಕೇಳಿ ಖಚಿತಪಡಿಸಿಕೊಂಡರು.

ಇದೇ ಅವಧಿಯಲ್ಲಿ ಎಲೆಕ್ಟ್ರಾನ್‌ಗಳನ್ನು ವೇಗೋತ್ಕರ್ಷಿಸಿ ಹೆಚ್ಚು ಶಕ್ತಿಯ ಎಕ್ಸ್-ಕಿರಣ ಪಡೆಯುವ ರೇಖೀಯ ವೇಗೋತ್ಕರ್ಷಕಗಳೂ ಬಂದವು. ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯಲ್ಲಿ 1953ರಲ್ಲಿ, ಅಮೆರಿಕದ ಸ್ಟಾನ್‌ಫರ್ಡ್‌ನಲ್ಲಿ 1956ರಲ್ಲಿ ಅವು ಚಿಕಿತ್ಸೆಗೆ ತೊಡಗಿದವು. ಆಸ್ಪತ್ರೆಗಳಲ್ಲಿ 'ಲಿನ್ಯಾಕ್' ಎಂದು ಕರೆಯುವುದು ಇವನ್ನೇ.

ಒಳಗೇನಿದೆ ಎಂಬ ಪ್ರಶ್ನೆ

ಕಿರಣ ನಿಖರವಾಯಿತು, ಆದರೆ ಗುರಿ? ಗಂತಿ ಎಲ್ಲಿದೆ ಎಂದು ಹೊರಗಿನಿಂದ ಅಂದಾಜು ಮಾಡಬೇಕಿತ್ತು. 1956ರಲ್ಲಿ ದಕ್ಷಿಣ ಆಫ್ರಿಕದ ಕೇಪ್‌ಟೌನ್‌ನ ಗ್ರೂಟ್ ಶೂರ್ ಆಸ್ಪತ್ರೆಗೆ ಒಬ್ಬ ಭೌತವಿಜ್ಞಾನಿ ಬೇಕಾಗಿತ್ತು. ವಿಕಿರಣಶೀಲ ವಸ್ತುಗಳ ಬಳಕೆಗೆ ಭೌತವಿಜ್ಞಾನಿಯ ಮೇಲ್ವಿಚಾರಣೆ ಇರಬೇಕೆಂಬುದು ಅಲ್ಲಿನ ನಿಯಮ. ವಿಶ್ವವಿದ್ಯಾನಿಲಯದಲ್ಲಿ ಪಾಠ ಹೇಳುತ್ತಿದ್ದ ಅಲನ್ ಕಾರ್ಮ್ಯಾಕ್ ವಾರಕ್ಕೆ ಒಂದೂವರೆ ದಿನ ಅಲ್ಲಿಗೆ ಹೋಗತೊಡಗಿದ. ಡೋಸ್ ಲೆಕ್ಕ ಹಾಕುವಾಗ ದೇಹದ ತುಂಬ ಒಂದೇ ಬಗೆಯ ವಸ್ತುವಿದೆ ಎಂದು ಭಾವಿಸುತ್ತಿದ್ದುದು ಅವನ ಕಣ್ಣಿಗೆ ಬಿತ್ತು. ಆದರೆ ಮೂಳೆ ಬೇರೆ, ಗಾಳಿ ತುಂಬಿದ ಶ್ವಾಸಕೋಶ ಬೇರೆ. ಹಲವು ದಿಕ್ಕುಗಳಿಂದ ಎಕ್ಸ್-ಕಿರಣ ಹಾಯಿಸಿ, ಹೊರಬರುವ ತೀವ್ರತೆಗಳಿಂದ ಒಳಗಿನ ರಚನೆಯನ್ನು ಗಣಿತದಿಂದ ಪಡೆಯಲು ಸಾಧ್ಯವೇ ಎಂದು ಅವನು ಯೋಚಿಸಿದ. 1963 ಮತ್ತು 1964ರಲ್ಲಿ ಪ್ರಬಂಧಗಳನ್ನು ಪ್ರಕಟಿಸಿದ. ವೈದ್ಯರು ಯಾರೂ ಗಮನಿಸಲಿಲ್ಲ. ಪ್ರತಿ ಕೇಳಿ ಬಂದ ಪತ್ರಗಳಲ್ಲಿ ಅವನಿಗೆ ಸ್ವಾರಸ್ಯವೆನಿಸಿದ್ದು ಸ್ವಿಟ್ಜರ್‌ಲೆಂಡಿನ ಹಿಮಕುಸಿತ ಸಂಶೋಧನ ಕೇಂದ್ರದ್ದು! ಇಂಗ್ಲೆಂಡಿನಲ್ಲಿ ಗಾಡ್‌ಫ್ರೀ ಹೌನ್ಸ್‌ಫೀಲ್ಡ್ ಸ್ವತಂತ್ರವಾಗಿ ಇದೇ ತತ್ತ್ವದ ಯಂತ್ರ ತಯಾರಿಸಿ 1971ರಲ್ಲಿ ಮೊದಲ ರೋಗಿಯ ಮಿದುಳಿನ ಚಿತ್ರ ಪಡೆದ. ಅದೇ ಸಿ.ಟಿ. ಸ್ಕ್ಯಾನ್. ಇಬ್ಬರಿಗೂ 1979ರ ನೊಬೆಲ್ ಬಹುಮಾನ ಬಂತು. ಇಂದು ರೋಗ ಪತ್ತೆಗೆ ಬಳಸುವ ಈ ಯಂತ್ರದ ಒಂದು ಬೇರು, ವಿಕಿರಣ ಚಿಕಿತ್ಸೆಯ ಲೆಕ್ಕ ಸರಿಯಿಲ್ಲ ಎಂಬ ಅಸಮಾಧಾನದಲ್ಲಿದೆ.

ಲೆಕ್ಕ ತಪ್ಪಿದಾಗ

ಇಷ್ಟೆಲ್ಲ ಆದ ಮೇಲೂ ಅಪಘಾತಗಳು ನಡೆದವು. ಅವುಗಳಲ್ಲಿ ಹೆಚ್ಚಿನವು ಹೈಸ್ಕೂಲಿನ ಗಣಿತಕ್ಕೆ ಸೇರಿದವು.

ಕೋಬಾಲ್ಟ್-60ರ ಅರ್ಧಾಯುಷ್ಯ 5.27 ವರ್ಷ. ಅಂದರೆ ಅದರ ತೀವ್ರತೆ ತಿಂಗಳಿಗೆ ಸುಮಾರು ಶೇಕಡಾ 1.1ರಷ್ಟು ಇಳಿಯುತ್ತದೆ. ಅದಕ್ಕೆ ತಕ್ಕಂತೆ ಚಿಕಿತ್ಸೆಯ ಸಮಯವನ್ನು ಹೆಚ್ಚಿಸುತ್ತ ಹೋಗಬೇಕು. ಅಮೆರಿಕದ ಒಹಾಯೋದ ಆಸ್ಪತ್ರೆಯೊಂದರಲ್ಲಿ 1974ರಿಂದ 1976ರವರೆಗೆ ಈ ಇಳಿತವನ್ನು ತೋರಿಸುವ ನಕ್ಷೆಯನ್ನೇ ತಪ್ಪಾಗಿ ಎಳೆದಿದ್ದರು. ನಿಜಕ್ಕಿಂತ ಬೇಗ ತೀವ್ರತೆ ಇಳಿಯುತ್ತಿದೆ ಎಂದು ಭಾವಿಸಿ ಸಮಯ ಹೆಚ್ಚಿಸುತ್ತಲೇ ಹೋದರು. 22 ತಿಂಗಳ ಕಾಲ ಯಾರೂ ತೀವ್ರತೆಯನ್ನು ಅಳೆದು ನೋಡಲಿಲ್ಲ. 426 ರೋಗಿಗಳಿಗೆ ಹೆಚ್ಚು ಡೋಸ್ ಬಿತ್ತು.

1996ರಲ್ಲಿ ಕೋಸ್ಟರೀಕದ ಸ್ಯಾನ್ ಹೋಸೆಯಲ್ಲಿ ಹೊಸ ಕೋಬಾಲ್ಟ್ ಆಕರ ಹಾಕಿ ಅದರ ತೀವ್ರತೆ ಅಳೆದರು. ಗಡಿಯಾರದಲ್ಲಿದ್ದದ್ದು 0.3 ನಿಮಿಷ, ಅಂದರೆ 18 ಸೆಕೆಂಡು. ಲೆಕ್ಕದಲ್ಲಿ ಬರೆದದ್ದು 30 ಸೆಕೆಂಡು. ಆಕರ ನಿಜವಾಗಿ ಇದ್ದುದಕ್ಕಿಂತ ದುರ್ಬಲ ಎಂದಾಯಿತು. ಪ್ರತಿ ರೋಗಿಯ ಸಮಯವನ್ನೂ ಹೆಚ್ಚಿಸಲಾಯಿತು. 115 ರೋಗಿಗಳು ಅರ್ಧದಷ್ಟಕ್ಕೂ ಮೀರಿ ಅಧಿಕ ವಿಕಿರಣ ಪಡೆದರು. ಹಲವರು ಸತ್ತರು.

ಕಡಿಮೆಯಾದದ್ದಕ್ಕೂ ಉದಾಹರಣೆಯಿದೆ. ಇಂಗ್ಲೆಂಡಿನ ನಾರ್ತ್ ಸ್ಟ್ಯಾಫರ್ಡ್‌ಶೈರ್‌ನಲ್ಲಿ 1982ರಲ್ಲಿ ಡೋಸ್ ಲೆಕ್ಕಕ್ಕೆ ಕಂಪ್ಯೂಟರ್ ತಂದರು. ಯಂತ್ರದಿಂದ ರೋಗಿಗಿರುವ ದೂರ ಬದಲಾದರೆ ವಿಲೋಮ ವರ್ಗ ನಿಯಮದಂತೆ ತಿದ್ದುಪಡಿ ಮಾಡಬೇಕಲ್ಲವೆ? ಕಂಪ್ಯೂಟರ್ ಅದನ್ನು ತಾನೇ ಮಾಡುತ್ತಿತ್ತು. ಸಿಬ್ಬಂದಿ ಹಳೆಯ ರೂಢಿಯಂತೆ ಕೈಯಿಂದಲೂ ಮತ್ತೊಮ್ಮೆ ಮಾಡುತ್ತಿದ್ದರು. ಸುಮಾರು 1000 ರೋಗಿಗಳಿಗೆ ಶೇಕಡಾ 5ರಿಂದ 30ರಷ್ಟು ಕಡಿಮೆ ಡೋಸ್ ಸಿಕ್ಕಿತು. ಇದು ಪತ್ತೆಯಾದದ್ದು 1991ರಲ್ಲಿ. ಹೆಚ್ಚಾದ ವಿಕಿರಣ ಸುಟ್ಟ ಗಾಯವಾಗಿ ತನ್ನನ್ನು ತಾನೇ ತೋರಿಸಿಕೊಳ್ಳುತ್ತದೆ. ಕಡಿಮೆಯಾದದ್ದು ಒಂಬತ್ತು ವರ್ಷ ಬಾಯಿಬಿಡಲಿಲ್ಲ.

ಫ್ರಾನ್ಸಿನ ಎಪಿನಾಲ್‌ನಲ್ಲಿ 2004-05ರಲ್ಲಿ ನಡೆದದ್ದು ನಾವು ಕನ್ನಡಿಗರು ವಿಶೇಷವಾಗಿ ಗಮನಿಸಬೇಕಾದದ್ದು. ಅಲ್ಲಿ ಹೊಸ ಪದ್ಧತಿಗೆ ಬದಲಾದಾಗ ತಂತ್ರಾಂಶದ ಪರದೆಯೂ ಕೈಪಿಡಿಯೂ ಫ್ರೆಂಚ್ ಭಾಷೆಯಲ್ಲಿರಲಿಲ್ಲ; ಇಂಗ್ಲಿಷ್‌ನಲ್ಲಿದ್ದವು. ತರಬೇತಿಯೂ ಸಾಲದಾಗಿತ್ತು. ತಪ್ಪು ಆಯ್ಕೆಯಿಂದಾಗಿ 20ಕ್ಕೂ ಹೆಚ್ಚು ರೋಗಿಗಳು ಅಧಿಕ ಡೋಸ್ ಪಡೆದರು. ಅರ್ಥವಾಗುವ ಭಾಷೆಯೂ ಸುರಕ್ಷತೆಯ ಒಂದು ಉಪಕರಣ.

ತಂತ್ರಾಂಶವನ್ನು ನಂಬಿದಾಗ

ಕೆನಡಾದಲ್ಲಿ ತಯಾರಾದ ಥೆರಾಕ್-25 ಎಂಬ ವೇಗೋತ್ಕರ್ಷಕದ ಕತೆ ಇಂದು ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಪಾಠವಾಗಿದೆ. ಎಲೆಕ್ಟ್ರಾನ್ ಮತ್ತು ಎಕ್ಸ್-ಕಿರಣ ಎಂಬ ಎರಡು ಬಗೆಯ ಚಿಕಿತ್ಸೆಯನ್ನು ಅದು ಕೊಡುತ್ತಿತ್ತು. ಎಕ್ಸ್-ಕಿರಣಕ್ಕೆ ಎಲೆಕ್ಟ್ರಾನ್ ಧಾರೆಯ ತೀವ್ರತೆ ಸುಮಾರು ನೂರು ಪಟ್ಟು ಹೆಚ್ಚು ಬೇಕು. ಅದಕ್ಕೆ ಅಡ್ಡಲಾಗಿ ಲೋಹದ ಗುರಿಫಲಕ ಇರಲೇಬೇಕು. ಹಿಂದಿನ ಮಾದರಿಗಳಲ್ಲಿ ಫಲಕ ಸರಿಯಾದ ಸ್ಥಾನದಲ್ಲಿ ಇಲ್ಲದಿದ್ದರೆ ಧಾರೆಯನ್ನು ತಡೆಯುವ ಯಾಂತ್ರಿಕ ಬೀಗಗಳಿದ್ದವು. ಥೆರಾಕ್-25ರಲ್ಲಿ ಅವನ್ನು ತೆಗೆದು, ಆ ಹೊಣೆಯನ್ನು ತಂತ್ರಾಂಶಕ್ಕೇ ವಹಿಸಲಾಯಿತು.

1986ರ ಮಾರ್ಚ್‌ನಲ್ಲಿ ಟೆಕ್ಸಾಸ್‌ನ ಟೈಲರ್‌ನಲ್ಲಿ ಯಂತ್ರ ನಡೆಸುವಾಕೆ ಎಲೆಕ್ಟ್ರಾನ್ ಎಂಬುದರ ಬದಲು ಎಕ್ಸ್-ಕಿರಣದ ಅಕ್ಷರ ಒತ್ತಿ, ಕೂಡಲೇ ತಿದ್ದಿದಳು. ಆಯಸ್ಕಾಂತಗಳು ಅಣಿಯಾಗಲು ಬೇಕಾದ 8 ಸೆಕೆಂಡುಗಳೊಳಗೆ ಈ ತಿದ್ದುಪಡಿ ಮುಗಿದಿತ್ತು. ತಂತ್ರಾಂಶ ಅದನ್ನು ಪೂರ್ತಿಯಾಗಿ ಗಮನಿಸಲಿಲ್ಲ. ಗುರಿಫಲಕವಿಲ್ಲದೆ ಪೂರ್ಣ ತೀವ್ರತೆಯ ಧಾರೆ ರೋಗಿಯ ಬೆನ್ನಿಗೆ ಬಡಿಯಿತು. ಪರದೆಯ ಮೇಲೆ ಕಂಡದ್ದು 'ದೋಷ 54' ಎಂಬಷ್ಟೇ ಸೂಚನೆ. ಅದರ ಅರ್ಥ ಕೈಪಿಡಿಯಲ್ಲಿರಲಿಲ್ಲ. ಡೋಸ್ ಸರಿಯಾಗಿ ಬಿದ್ದಿಲ್ಲವೆಂದುಕೊಂಡು ಆಕೆ ಮತ್ತೊಮ್ಮೆ ಗುಂಡಿ ಒತ್ತಿದಳು. 1.8 ಗ್ರೇ ಬೀಳಬೇಕಾದಲ್ಲಿ ಬಿದ್ದದ್ದು 165ರಿಂದ 250 ಗ್ರೇ ಎಂದು ಅನಂತರ ಅಂದಾಜಾಯಿತು. ರೋಗಿಗೆ ನಿಜವಾಗಿಯೂ ಕರೆಂಟ್ ಹೊಡೆದಂತಾಯಿತು. ಐದು ತಿಂಗಳಲ್ಲಿ ಅವನು ತೀರಿಕೊಂಡ. ಮೂರು ವಾರಗಳಲ್ಲಿ ಅಲ್ಲಿಯೇ ಇನ್ನೊಂದು ಅಪಘಾತವಾಯಿತು. ಆಗ ಆಸ್ಪತ್ರೆಯ ಭೌತವಿಜ್ಞಾನಿ ಫ್ರಿಟ್ಜ್ ಹೇಗರ್ ಆ ನಿರ್ವಾಹಕಿಯೊಡನೆ ಕುಳಿತು, ಕೀಲಿಗಳನ್ನು ಮತ್ತೆ ಮತ್ತೆ ವೇಗವಾಗಿ ಒತ್ತಿ, ದೋಷ ಮರುಕಳಿಸುವಂತೆ ಮಾಡಿ ಕಾರಣವನ್ನು ಹಿಡಿದ. 1985ರಿಂದ 1987ರವರೆಗೆ ಇಂಥ ಆರು ಅಪಘಾತಗಳು ದಾಖಲಾಗಿವೆ. ಮೊದಲ ದೂರುಗಳು ಬಂದಾಗ ತಯಾರಕರು ಹೆಚ್ಚು ಡೋಸ್ ಬೀಳುವುದು ಸಾಧ್ಯವೇ ಇಲ್ಲ ಎಂದಿದ್ದರು.

ಅಂಚೆಯಲ್ಲಿ ಬರುವ ಪರೀಕ್ಷೆ

ಈ ಘಟನೆಗಳೆಲ್ಲ ಕಲಿಸಿದ್ದು ಒಂದೇ ಪಾಠ: ಒಬ್ಬರು ಅಳೆದದ್ದನ್ನು ಇನ್ನೊಬ್ಬರು, ಬೇರೆ ಉಪಕರಣದಿಂದ, ಸ್ವತಂತ್ರವಾಗಿ ಅಳೆಯಬೇಕು. 1988ರಲ್ಲಿ ಇಂಗ್ಲೆಂಡಿನ ಎಕ್ಸೆಟರ್‌ನಲ್ಲಿ ಹೊಸ ಕೋಬಾಲ್ಟ್ ಆಕರದ ಅಳತೆ ತಪ್ಪಿ 207 ರೋಗಿಗಳಿಗೆ ಶೇಕಡಾ 25ರಷ್ಟು ಹೆಚ್ಚು ಡೋಸ್ ಬಿದ್ದಿತ್ತು. ಅದು ಹೊರಬಿದ್ದದ್ದು ಹೊರಗಿನವರು ನಡೆಸಿದ ತುಲನಾತ್ಮಕ ಅಳತೆಯಿಂದ.

ಇಂಥ ಪರೀಕ್ಷೆಯನ್ನು ಅಂತಾರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆ ಮತ್ತು ವಿಶ್ವ ಆರೋಗ್ಯ ಸಂಸ್ಥೆಗಳು 1969ರಿಂದಲೇ ಅಂಚೆಯ ಮೂಲಕ ನಡೆಸುತ್ತಿವೆ. ಲಿಥಿಯಮ್ ಫ್ಲೋರೈಡ್ ಪುಡಿ ತುಂಬಿದ ಪುಟ್ಟ ಗುಳಿಗೆಯೊಂದು ಆಸ್ಪತ್ರೆಗೆ ಬರುತ್ತದೆ. ಅದಕ್ಕೆ 2 ಗ್ರೇ ಎಂದು ತಾವು ನಂಬಿರುವ ಡೋಸ್ ಕೊಟ್ಟು ಹಿಂದಿರುಗಿಸಬೇಕು. ವಿಕಿರಣ ಹೀರಿದ ಪುಡಿಯನ್ನು ಕಾಯಿಸಿದರೆ ಅದು ಮಿನುಗುತ್ತದೆ. ಬೆಳಕಿನ ಪ್ರಮಾಣ ನಿಜವಾದ ಡೋಸನ್ನು ಹೇಳುತ್ತದೆ. ಈ ಪರೀಕ್ಷೆಯ ಆರಂಭದ ವರ್ಷಗಳಲ್ಲಿ ಸುಮಾರು ಅರ್ಧದಷ್ಟು ಫಲಿತಾಂಶಗಳು ಮಾತ್ರ ಶೇಕಡಾ 5ರ ಮಿತಿಯೊಳಗಿದ್ದವು. ಈಗ ಶೇಕಡಾ 95ಕ್ಕೂ ಹೆಚ್ಚು ಒಳಗಿವೆ. 2017ರಿಂದ ಪುಡಿಯ ಬದಲು ವಿಶೇಷ ಗಾಜಿನ ಕಡ್ಡಿಗಳು ಬಂದಿವೆ.

ನಮ್ಮಲ್ಲಿ

ಭಾರತದಲ್ಲಿ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ 1983ರಲ್ಲಿ ಸ್ಥಾಪನೆಯಾಯಿತು. ಅದರ ಪರವಾನಗಿಯಿಲ್ಲದೆ ಯಾವ ಆಸ್ಪತ್ರೆಯೂ ವಿಕಿರಣ ಚಿಕಿತ್ಸೆ ನಡೆಸುವಂತಿಲ್ಲ. ಅರ್ಹ ವೈದ್ಯಕೀಯ ಭೌತವಿಜ್ಞಾನಿ ಇರುವುದು ಕಡ್ಡಾಯ. ಈ ಕೆಲಸಕ್ಕಾಗಿ ಎಂ.ಎಸ್‌ಸಿ. ಮುಗಿಸಿದವರಿಗೆ ಮುಂಬಯಿಯ ಭಾಭಾ ಪರಮಾಣು ಸಂಶೋಧನ ಕೇಂದ್ರ 1962ರಲ್ಲೇ ಡಿಪ್ಲೊಮಾ ಶಿಕ್ಷಣ ಆರಂಭಿಸಿತು. ಕರ್ನಾಟಕದಲ್ಲಿ 1973ರಲ್ಲಿ ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗ್ರಂಥಿ ಸಂಸ್ಥೆ ಆರಂಭವಾಯಿತು. ಭಾಭಾ ಕೇಂದ್ರ ವಿನ್ಯಾಸಗೊಳಿಸಿದ 'ಭಾಭಾಟ್ರಾನ್' ಎಂಬ ಸ್ವದೇಶಿ ಕೋಬಾಲ್ಟ್ ಯಂತ್ರವನ್ನು ತಯಾರಿಸಿದ್ದು ಬೆಂಗಳೂರಿನ ಪ್ಯಾನೇಸಿಯಾ ಸಂಸ್ಥೆ. ವಿಯೆಟ್ನಾಮ್‌ನಂಥ ದೇಶಗಳಿಗೂ ಭಾರತ ಇದನ್ನು ಕೊಡುಗೆಯಾಗಿ ಕೊಟ್ಟಿದೆ.

ಇಂದಿನ ಯಂತ್ರಗಳು ಗಂತಿಯ ಆಕಾರಕ್ಕೆ ತಕ್ಕಂತೆ ಕಿರಣದ ಅಂಚನ್ನು ರೂಪಿಸುತ್ತವೆ, ಚಿಕಿತ್ಸೆಗೆ ಮುನ್ನ ಮೇಜಿನ ಮೇಲೆಯೇ ಚಿತ್ರ ತೆಗೆದು ಗುರಿ ಸರಿಪಡಿಸಿಕೊಳ್ಳುತ್ತವೆ, ಉಸಿರಾಟಕ್ಕೆ ಹೊಂದಿಕೊಂಡು ಕಿರಣವನ್ನು ತೆರೆದು ಮುಚ್ಚುತ್ತವೆ. ನಿಖರತೆ ಮಿಲಿಮೀಟರಿಗೆ ಇಳಿದಷ್ಟೂ ತಪ್ಪನ್ನು ಕಣ್ಣಂದಾಜಿನಲ್ಲಿ ಹಿಡಿಯುವುದು ಕಷ್ಟವಾಗುತ್ತದೆ. ಪರೀಕ್ಷೆಯ ಅಗತ್ಯವೂ ಅಷ್ಟೇ ಹೆಚ್ಚುತ್ತದೆ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಈಗ ಆಸ್ಪತ್ರೆಯೊಂದರಲ್ಲಿ ವೈದ್ಯಕೀಯ ಭೌತವಿಜ್ಞಾನಿ. ಬೆಳಿಗ್ಗೆ ಮೊದಲ ರೋಗಿ ಬರುವ ಮುಂಚೆ ಅವನು ಯಂತ್ರದ ಡೋಸನ್ನು ಅಳೆದು ಪುಸ್ತಕದಲ್ಲಿ ಬರೆದು ಸಹಿ ಹಾಕುತ್ತಾನೆ. ಅಂಕಿ ಮಿತಿ ಮೀರಿದ್ದರೆ, ಹೊರಗೆ ಎಷ್ಟು ಜನ ಕಾದಿದ್ದರೂ ಯಂತ್ರ ಚಾಲೂ ಆಗುವುದಿಲ್ಲ. ಕಾದಿರುವವರಿಗೆ ಅವನ ಹೆಸರೂ ಗೊತ್ತಿರುವುದಿಲ್ಲ. "ಹೆಚ್ಚುಕಮ್ಮಿ ಆಗದ ಹಾಗೆ ನೋಡಿಕೊಳ್ಳೋದಕ್ಕೇ ಅಂತ ಅಲ್ಲಿ ಒಬ್ಬರು ಇರ್ತಾರೆ" ಎಂದು ನಾನು ಅಟೆಂಡರ್‌ಗೆ ಹೇಳಿದೆ. ರೋಗಿಯ ಪಾಲಿನ ಕೆಲಸವನ್ನೂ ಹೇಳಿದೆ: ಮೈಮೇಲೆ ಹಾಕಿದ ಶಾಯಿಯ ಗುರುತುಗಳನ್ನು ಅಳಿಸಬಾರದು, ಮಲಗಿಸಿದ ಭಂಗಿಯಲ್ಲಿ ಅಲುಗಬಾರದು, ಒಂದು ಕಂತನ್ನೂ ತಪ್ಪಿಸಬಾರದು, ಅನುಮಾನ ಬಂದರೆ ಸಂಕೋಚಪಡದೆ ಕೇಳಬೇಕು.

ಐದು ವಾರ ಮುಗಿಯುವವರೆಗೆ ಅವರು ಪ್ರತಿ ಸೋಮವಾರ ಬಂದು, "ಗುರುತು ಹಾಗೇ ಇದೆ ಸಾರ್" ಎಂದು ವರದಿ ಕೊಡುತ್ತಿದ್ದರು.